ಹೇಳದೆ ಉಳಿದ ಬಿರುಕು

ರೇಡಿಯೊ ನಿಯಂತ್ರಿತ ಗ್ಲೈಡರುಗಳಲ್ಲಿ ಕೈಯಿಂದ ಎಸೆದು ಹಾರಿಸುವ ಒಂದು ಜಾತಿಯಿದೆ. ಎಂಜಿನ್ ಇಲ್ಲ. ಸ್ಪರ್ಧೆಯ ನಿಯಮದಂತೆ ರೆಕ್ಕೆಯ ಒಟ್ಟು ಉದ್ದ ಒಂದೂವರೆ ಮೀಟರ್ ಮೀರುವಂತಿಲ್ಲ. ತೂಕ ಸಾಮಾನ್ಯವಾಗಿ ಕಾಲು ಕೆಜಿಯ ಆಸುಪಾಸು. ರೆಕ್ಕೆಯ ತುದಿಯಲ್ಲಿರುವ ಚಿಕ್ಕ ಗೂಟವನ್ನು ಬೆರಳುಗಳಲ್ಲಿ ಹಿಡಿದು, ಡಿಸ್ಕಸ್ ಎಸೆಯುವವರ ಹಾಗೆ ಒಂದು ಸುತ್ತು ತಿರುಗಿ ಬಿಟ್ಟರೆ, ಪಳಗಿದವರ ಕೈಯಿಂದ ಅದು ಐವತ್ತು ಅರವತ್ತು ಮೀಟರ್ ಏರುತ್ತದೆ. ಅಲ್ಲಿಂದ ಮುಂದೆ ಬಿಸಿಲಿಗೆ ಕಾದು ಮೇಲೇಳುವ ಗಾಳಿಯೇ ಗತಿ. ಆ ಒಂದು ಸುತ್ತಿನ ಕೊನೆಯಲ್ಲಿ ರೆಕ್ಕೆ ತಾಳಿಕೊಳ್ಳುವ ಹೊರೆ ವಿಮಾನದ ತೂಕದ ಹತ್ತಾರು ಪಟ್ಟು. ಹಿಂದೆಂದೋ ಬಿದ್ದು ಒಳಗೆ ಬಿರುಕು ಬಿಟ್ಟಿದ್ದರೆ ಅದು ಬಾಯಿ ಬಿಡುವುದು ಆಗಲೇ.

ಇಂಥದ್ದೊಂದನ್ನು ಒಬ್ಬ ಮಾರುತ್ತಿದ್ದಾನೆ ಎಂದುಕೊಳ್ಳಿ. ಎರಡು ವರ್ಷದ ಹಿಂದೆ ಅದು ಮರಕ್ಕೆ ಬಡಿದು ರೆಕ್ಕೆಯ ಬುಡದಲ್ಲಿ ಮುರಿದಿತ್ತು. ಅವನು ಎಪಾಕ್ಸಿ ತುಂಬಿ, ಕಾರ್ಬನ್ ಬಟ್ಟೆಯ ಪಟ್ಟಿ ಅಂಟಿಸಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಬಣ್ಣ ಹೊಡೆದ. ಕೆಲಸ ಚೆನ್ನಾಗಿಯೇ ಆಗಿದೆ. ಆಮೇಲೆ ನೂರಾರು ಸಲ ಹಾರಿದೆ. ಕೊಳ್ಳಲು ಬಂದವನು ಬ್ಯಾಟರಿಯ ಬಗ್ಗೆ ಕೇಳಿದ, ಸರ್ವೊಗಳ ಬಗ್ಗೆ ಕೇಳಿದ, ಐನೂರು ಕಡಿಮೆ ಮಾಡಿಕೊಳ್ಳಿ ಅಂದ. ರೆಕ್ಕೆ ಮುರಿದಿತ್ತೇ ಎಂದು ಕೇಳಲಿಲ್ಲ. ಮಾರಿದವನು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ತಪ್ಪೇ?

ತಪ್ಪು ಅನ್ನುವುದಕ್ಕೆ ಎರಡು ಕ್ಷಣ ಸಾಕು. ಯಾಕೆ ತಪ್ಪು ಅಂತ ಹೇಳಲು ಹೊರಟರೆ ಮಾತ್ರ ಸಂಜೆಯಾಗುತ್ತದೆ.

ಹಿಂದೆ ಈ ಪ್ರಶ್ನೆಗೆ ಇಷ್ಟು ಜಾಗವಿರಲಿಲ್ಲ. ಬಾಲ್ಸಾ ಮರದ ತೆಳು ಪಟ್ಟಿಗಳನ್ನು ಕತ್ತರಿಸಿ, ಪಕ್ಕೆಲುಬಿನಂತೆ ಜೋಡಿಸಿ, ಮೇಲೆ ಪಾರದರ್ಶಕ ಹಾಳೆ ಬಿಗಿದ ರೆಕ್ಕೆಯಲ್ಲಿ ಗುಟ್ಟು ಉಳಿಯುವುದು ಕಷ್ಟ. ಬೆಳಕಿಗೆ ಹಿಡಿದರೆ ಒಳಗಿನ ಅಂಟಿನ ಗಂಟೂ ಕಾಣುತ್ತದೆ. ಗಾಜಿನ ನಾರಿನ ಹೊದಿಕೆಯಲ್ಲೂ ದೀಪ ಹಿಡಿದು ನೋಡಿದರೆ ರಿಪೇರಿಯ ಕಲೆ ತಿಳಿಯುತ್ತದೆ. ಕಾರ್ಬನ್ ಹೊದಿಕೆ ಹಾಗಲ್ಲ. ಬೆಳಕು ತೂರದ ಕಪ್ಪು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋದರೆ ಪದರ ಬಿಟ್ಟ ಕಡೆ ಸದ್ದು ಮಂಕಾಗುತ್ತದೆ, ಅದೂ ಪಳಗಿದ ಕಿವಿಗೆ. ತಕ್ಕಡಿಗೆ ಹಾಕಿದರೆ ಐದಾರು ಗ್ರಾಂ ಹೆಚ್ಚು ಬರಬಹುದು, ಅದೂ ಹೊಸದರ ತೂಕ ಗೊತ್ತಿದ್ದವರಿಗೆ. ವಸ್ತು ಬಲವಾದಷ್ಟೂ ಅದರೊಳಗಿನ ಗಾಯ ಮಾಲೀಕನೊಬ್ಬನಿಗೆ ಮಾತ್ರ ಗೊತ್ತಿರುವ ಸಂಗತಿಯಾಗುತ್ತ ಬಂದಿದೆ.

ಕ್ರಿಸ್ತಪೂರ್ವ 44ರಲ್ಲಿ ಸಿಸೆರೊ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗೆಂದು ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರ ಮೂರನೆಯ ಭಾಗದಲ್ಲಿ ಇಬ್ಬರು ಸ್ಟೋಯಿಕರನ್ನು ಎದುರುಬದುರು ಕೂರಿಸುತ್ತಾನೆ: ಬ್ಯಾಬಿಲೋನಿನ ಡಯೋಜಿನಿಸ್ ಮತ್ತು ಅವನ ಶಿಷ್ಯ ಆಂಟಿಪೇಟರ್. ಒಬ್ಬ ಮನೆ ಮಾರುತ್ತಿದ್ದಾನೆ. ಮರಮುಟ್ಟು ಕೊಳೆತಿದೆ, ಕೋಣೆಗಳಲ್ಲಿ ಹುಳಹುಪ್ಪಟೆ. ಅದು ಅವನಿಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲ. ಹೇಳಬೇಕೇ? ಡಯೋಜಿನಿಸ್ ಹೇಳುವುದು: ಬಚ್ಚಿಡುವುದು ಬೇರೆ, ಸುಮ್ಮನಿರುವುದು ಬೇರೆ. ಕೊಳ್ಳಲೇಬೇಕೆಂದು ಯಾರೂ ಬಲವಂತ ಮಾಡಿಲ್ಲ, ಕೇಳಿದವನಿಗೆ ಪ್ರಯೋಜನವಾಗುವುದನ್ನೆಲ್ಲ ಹೇಳಿಬಿಡಬೇಕೆಂಬ ಕರಾರೂ ಇಲ್ಲ. ಆಂಟಿಪೇಟರ್ ಒಪ್ಪುವುದಿಲ್ಲ. ದಾರಿ ತಪ್ಪಿದವನಿಗೆ ದಾರಿ ತೋರದವನನ್ನೇ ಅಥೆನ್ಸಿನಲ್ಲಿ ಶಪಿಸುತ್ತಾರೆ. ಇದಂತೂ ಗೊತ್ತಿದ್ದೂ ಒಬ್ಬನನ್ನು ತಪ್ಪುದಾರಿಗೆ ಬಿಡುವುದು, ಅದಕ್ಕಿಂತ ಕೆಟ್ಟದ್ದು.

ಡಯೋಜಿನಿಸನನ್ನು ಬೇಗ ತಳ್ಳಿಹಾಕಬಾರದು ಎಂದೇ ನನಗನ್ನಿಸುತ್ತದೆ. ನಮ್ಮ ದನದ ಜಾತ್ರೆಗಳು ನಡೆದದ್ದು ಹೆಚ್ಚು ಕಡಿಮೆ ಅವನ ತತ್ವದ ಮೇಲೆಯೇ. ಹಲ್ಲು ನೋಡು, ಸುಳಿ ನೋಡು, ನಾಲ್ಕು ಹೆಜ್ಜೆ ನಡೆಸಿ ನೋಡು. ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸು. ನೋಡುವ ಜವಾಬ್ದಾರಿ ಕೊಳ್ಳುವವನದು. ಆದರೆ ಜಾತ್ರೆಯ ಈ ನ್ಯಾಯಕ್ಕೆ ಒಂದು ಷರತ್ತಿದೆ: ನೋಡಿದರೆ ತಿಳಿಯುವಂತಿರಬೇಕು. ಕೌಟಿಲ್ಯನಿಗೆ ಇದು ಗೊತ್ತಿತ್ತು. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಅಚ್ಚು ಮಾಡಿಸಿದ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಕೊಟ್ಟು ಕೊಂಡದ್ದನ್ನು ಹಿಂದಿರುಗಿಸುವ ಬಗ್ಗೆ ಒಂದು ಪ್ರಕರಣವೇ ಇದೆ. ರೋಗವಿರುವ ಪ್ರಾಣಿಯನ್ನು ಆರೋಗ್ಯವಾಗಿದೆ ಎಂದು ಹೇಳಿ ಮಾರಿದವನಿಗೆ 12 ಪಣ ದಂಡ. ದಂಡ ಬೀಳುವುದು ಆಡಿದ ಸುಳ್ಳಿಗೆ, ಮೌನಕ್ಕಲ್ಲ. ಆದರೆ ಮೌನಕ್ಕೆ ಬೇರೆ ಮದ್ದಿದೆ: ನಾಲ್ಕು ಕಾಲಿನ ಪ್ರಾಣಿಯನ್ನು ಮೂರು ಪಕ್ಷಗಳೊಳಗೆ ಹಿಂದಿರುಗಿಸಬಹುದು, ಯಾಕೆಂದರೆ ಅಷ್ಟು ಕಾಲದಲ್ಲಿ ಅದರ ಗುಣದೋಷ ತಿಳಿದುಬರುತ್ತದೆ. ಕಣ್ಣಿಗೆ ಕಾಣದ್ದನ್ನು ಕಾಲ ತೋರಿಸುತ್ತದೆ, ಅಷ್ಟು ದಿನ ಕೊಡೋಣ ಎಂಬ ಲೆಕ್ಕ.

ಗ್ಲೈಡರಿನ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಎತ್ತು ಕುಂಟಿದರೂ ಎತ್ತಾಗಿಯೇ ಉಳಿದಿರುತ್ತದೆ, ಹಗ್ಗ ಹಿಡಿದು ಹಿಂದಕ್ಕೆ ತರಬಹುದು. ಇಲ್ಲಿ ದೋಷ ತಿಳಿಯುವುದೂ ವಸ್ತು ಇಲ್ಲವಾಗುವುದೂ ಒಂದೇ ಗಳಿಗೆಯಲ್ಲಿ.

ಮೌನದ ಪರವಾಗಿ ಇರುವ ಬಲವಾದ ವಾದ ಡಯೋಜಿನಿಸನದಲ್ಲ. ಅದನ್ನು ನಾನು ಕೇಳಿದ್ದು ನಾವು ಭಾನುವಾರ ಬೆಳಿಗ್ಗೆ ಹಾರಿಸುವ ಬಯಲಿನಲ್ಲಿ, ನನಗಿಂತ ಇಪ್ಪತ್ತು ವರ್ಷ ಹಿರಿಯರೊಬ್ಬರಿಂದ. "ನೋಡು ತಮ್ಮಾ, ನಾನು ಹಾಕಿದ ಪಟ್ಟಿ ಕಂಪನಿಯವರದ್ದಕ್ಕಿಂತ ಗಟ್ಟಿ. ಅದು ನನಗೆ ಗೊತ್ತು. ಹೇಳಿದೆ ಅಂದ್ರೆ ಅವನು ಸುಮ್ಸುಮ್ನೆ ಹೆದರಿ ಅರ್ಧ ಬೆಲೆಗೆ ಕೇಳ್ತಾನೆ. ಇಲ್ಲದ ದೋಷಕ್ಕೆ ನಾನ್ಯಾಕೆ ದಂಡ ಕಟ್ಲಿ?" ಅವರು ಒಳ್ಳೆಯ ಕೈಗಾರ, ಅವರ ರಿಪೇರಿ ಬಿಟ್ಟುಕೊಂಡದ್ದನ್ನು ನಾನು ನೋಡಿಲ್ಲ. ಅವರ ಮಾತಿನಲ್ಲಿ ಬಹುಪಾಲು ನಿಜವೇ ಇದೆ. ಆದರೂ ಒಂದು ಕಡೆ ಕೊಂಡಿ ಕಳಚುತ್ತದೆ. ಪಟ್ಟಿ ಗಟ್ಟಿ ಎಂಬ ಭರವಸೆ ಅವರದು, ಕೊಳ್ಳುವವನದಲ್ಲ. ಅವರು ತಮ್ಮ ಭರವಸೆಗೆ ಪೂರ್ತಿ ಬೆಲೆ ಕೇಳುತ್ತಿದ್ದಾರೆ, ಭರವಸೆ ಯಾವುದರ ಮೇಲೆ ನಿಂತಿದೆ ಎಂದು ತೋರಿಸದೆ. ಅಷ್ಟು ಗಟ್ಟಿಯಾಗಿದ್ದರೆ ಮುರಿದಾಗಿನ ಫೋಟೊ, ಹಾಕಿದ ಬಟ್ಟೆ, ಆಮೇಲೆ ಹಾರಿದ ದಿನಗಳು, ಎಲ್ಲವನ್ನೂ ಮುಂದಿಟ್ಟು ಅದೇ ಬೆಲೆ ಕೇಳಬಹುದಲ್ಲ? ಹೆದರುವುದೋ ಬಿಡುವುದೋ ಕೊಳ್ಳುವವನ ಪಾಲಿನ ನಿರ್ಧಾರ. ಎಸೆಯುವ ತೋಳು ಅವನದು.

1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಉದಾಹರಣೆ ಹಿಡಿದು ಇದರ ಇನ್ನೊಂದು ಮುಖ ತೋರಿಸಿದ: ಯಾವುದು ಕೆಟ್ಟದ್ದೆಂದು ಕೊಳ್ಳುವವರಿಗೆ ತಿಳಿಯದಿದ್ದರೆ ಒಳ್ಳೆಯದಕ್ಕೂ ಅವರು ಕೆಟ್ಟದ್ದರ ಬೆಲೆ ಕೊಡುತ್ತಾರೆ, ಒಳ್ಳೆಯದನ್ನು ಮಾರುವವರು ಪೇಟೆಯಿಂದಲೇ ಹೊರನಡೆಯುತ್ತಾರೆ. ಸರಿಯಾದ ಮಾತು. ಆದರೆ ಅದು ಪೇಟೆಗಾದ ನಷ್ಟದ ಲೆಕ್ಕ. ಮೂರು ತಿಂಗಳ ಫೆಲೋಶಿಪ್ ಹಣದಲ್ಲಿ (ಅದೂ ಬಂದಾಗ) ಉಳಿಸಿ ಕೊಂಡದ್ದು ಮೊದಲ ಎಸೆತದಲ್ಲೇ ಎರಡಾಗುವುದನ್ನು ನೋಡಿದ ವಿದ್ಯಾರ್ಥಿಗೆ ಆದ ಅನ್ಯಾಯ ಪೇಟೆಗೆ ಆದದ್ದಲ್ಲ, ಅವನಿಗೆ ಆದದ್ದು.

ಹಾಗಾದರೆ ಗೊತ್ತಿರುವುದನ್ನೆಲ್ಲ ಹೇಳಬೇಕೇ? ಸಿಸೆರೊ ಹೌದು ಅನ್ನುತ್ತಾನೆ. ಅವನ ಇನ್ನೊಂದು ಉದಾಹರಣೆ ಪ್ರಸಿದ್ಧ: ರೋಡ್ಸ್ ದ್ವೀಪದಲ್ಲಿ ಬರಗಾಲ, ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕ ಧಾನ್ಯದೊಡನೆ ಮೊದಲು ಬಂದಿದ್ದಾನೆ, ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು. ಗ್ಲೈಡರಿನ ಪೇಟೆಯಲ್ಲೂ ಇಂಥದ್ದು ನಡೆಯುತ್ತದೆ. ಇದೇ ವಿನ್ಯಾಸದ ಸುಧಾರಿಸಿದ ಆವೃತ್ತಿ ಮುಂದಿನ ತಿಂಗಳು ಬರಲಿದೆ ಎಂಬ ಸುದ್ದಿ ಕಿವಿಗೆ ಬಿದ್ದವನು ಈ ವಾರವೇ ತನ್ನದನ್ನು ಒಳ್ಳೆಯ ಬೆಲೆಗೆ ದಾಟಿಸುತ್ತಾನೆ. ಸಿಸೆರೊ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾನೆ, ನಾನು ತೂಗಲಾರೆ. ಹೊಸದು ಬಂದ ಮಾತ್ರಕ್ಕೆ ಹಳೆಯ ರೆಕ್ಕೆ ಮುರಿಯುವುದಿಲ್ಲ, ನಿನ್ನೆ ಹಾರಿದಂತೆ ನಾಳೆಯೂ ಹಾರುತ್ತದೆ. ರೋಡ್ಸಿನಲ್ಲಿ ಹಸಿವಿತ್ತು, ಇಲ್ಲಿ ಇರುವುದು ಹಂಬಲ. ಆದರೆ "ಯಾಕೆ ಮಾರ್ತಿದ್ದೀರಿ ಸರ್?" ಎಂದು ಕೇಳಿದ ಮೇಲೆ "ಮನೇಲಿ ಜಾಗ ಇಲ್ಲ" ಎಂದರೆ ಅದು ಮೌನವಲ್ಲ, ಮಾತು.

ಇದೇ ಜನ ಬೇರೆ ಕಡೆ ಎಷ್ಟು ಧಾರಾಳಿಗಳು ಎಂಬುದನ್ನು ನೆನೆದರೆ ಈ ಜಿಪುಣತನ ವಿಚಿತ್ರವಾಗಿ ಕಾಣುತ್ತದೆ. ಎಂಐಟಿಯ ಪ್ರಾಧ್ಯಾಪಕ ಮಾರ್ಕ್ ಡ್ರೆಲಾ ರೆಕ್ಕೆಯ ಅಡ್ಡಕೊಯ್ತದ ಆಕಾರಗಳನ್ನು ಲೆಕ್ಕ ಹಾಕುವ ಎಕ್ಸ್‌ಫಾಯಿಲ್ ಎಂಬ ತಂತ್ರಾಂಶವನ್ನು 1986ರಲ್ಲಿ ಬರೆದರು. ಇಂದು ಅದು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿದೆ. ಅವರದೇ ವಿನ್ಯಾಸದ ಸೂಪರ್‌ಜೀ, ಬಬಲ್ ಡ್ಯಾನ್ಸರ್ ಗ್ಲೈಡರುಗಳ ನಕ್ಷೆಗಳೂ ಬಿಟ್ಟಿಯಾಗಿ ಸಿಗುತ್ತವೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸೆಲಿಗ್ ಮತ್ತು ಸಂಗಡಿಗರು ನಡೆಸಿದ ಗಾಳಿಸುರಂಗದ ಪ್ರಯೋಗಗಳು ನನಗೆ ಇನ್ನೂ ಇಷ್ಟ. ಪ್ರಯೋಗಕ್ಕೆ ಬೇಕಾದ ರೆಕ್ಕೆಯ ತುಂಡುಗಳನ್ನು ಹವ್ಯಾಸಿಗಳೇ ತಮ್ಮ ಮನೆಗಳಲ್ಲಿ ಮಾಡಿ ಕಳಿಸಿದರು, ಹಣವನ್ನೂ ಸೇರಿಸಿದರು. ಸೆಲಿಗ್ ತಂಡ ಆ ಒಂದೊಂದು ತುಂಡನ್ನೂ ಅಳೆದು, ಅದು ಉದ್ದೇಶಿಸಿದ ಆಕಾರಕ್ಕಿಂತ ಎಷ್ಟು ಆಚೀಚೆ ಆಗಿದೆ ಎಂಬುದನ್ನು ಫಲಿತಾಂಶದ ಜೊತೆಯಲ್ಲೇ ಅಚ್ಚು ಹಾಕಿತು. ಯಾರೂ ಕೇಳಿರಲಿಲ್ಲ. ಕೊಟ್ಟವರಿಗೆ ಅವಮಾನ ಎಂದೂ ಯಾರೂ ಭಾವಿಸಲಿಲ್ಲ. ಆ ದೋಷದ ಅಳತೆ ಇಲ್ಲದಿದ್ದರೆ ಮಿಕ್ಕ ಅಂಕಿಗಳನ್ನು ಎಷ್ಟು ನಂಬಬೇಕೆಂದು ಓದುವವನಿಗೆ ತಿಳಿಯುತ್ತಿರಲಿಲ್ಲ.

ಆಕಾಶದಲ್ಲಂತೂ ಬಚ್ಚಿಡುವುದೇ ಸಾಧ್ಯವಿಲ್ಲ. ಒಬ್ಬನಿಗೆ ಏರುಗಾಳಿ ಸಿಕ್ಕಿತೆಂದರೆ ಅವನ ಗ್ಲೈಡರ್ ಅಲ್ಲೇ ಸುತ್ತತೊಡಗುತ್ತದೆ. ಎದುರಾಳಿಗಳು ಅದನ್ನು ನೋಡಿ ಅದೇ ಜಾಗಕ್ಕೆ ಬರುತ್ತಾರೆ. ಹದ್ದುಗಳೂ ಹೀಗೆಯೇ ಸುಳಿವು ಕೊಡುತ್ತವೆ. ಯಾರೂ ದೂರುವುದಿಲ್ಲ.

ಇಷ್ಟು ಹೊತ್ತು ಮಾರುವವನು, ಕೊಳ್ಳುವವನು ಎಂದು ಇಬ್ಬರ ಮಾತಾಯಿತು. ಮೂರನೆಯವನೊಬ್ಬನಿದ್ದಾನೆ. ಬೆಟ್ಟದ ಬೆನ್ನಿನಾಚೆ ನಿಂತ ಗಾಳಿಗೂ ಮೇಲಿನ ಬಿರುಗಾಳಿಗೂ ನಡುವೆ ಸುತ್ತುತ್ತ ವೇಗ ಪಡೆಯುವ ಡೈನಾಮಿಕ್ ಸೋರಿಂಗ್ ಎಂಬ ಬಗೆಯಲ್ಲಿ, 2021ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಪಾರ್ಕರ್ ಮೌಂಟನ್‌ನಲ್ಲಿ ಎಂಜಿನ್ನಿಲ್ಲದ ಮಾದರಿಯೊಂದು ಗಂಟೆಗೆ 548 ಮೈಲಿ ವೇಗ ಮುಟ್ಟಿತು. ಆ ವೇಗದಲ್ಲಿ ಕಳಚಿದ ರೆಕ್ಕೆ ಯಾರ ಕಡೆಗೆ ಹೋಗುತ್ತದೋ ಹೇಳುವಂತಿಲ್ಲ. ನಮ್ಮ ಬಯಲಿನ ಕಾಲು ಕೆಜಿಯ ಗ್ಲೈಡರ್ ಅಷ್ಟು ಅಪಾಯದ್ದಲ್ಲ, ನಿಜ. ಆದರೆ ಅಲ್ಲಿಯೂ ಮಕ್ಕಳು ನೋಡಲು ಬಂದು ನಿಂತಿರುತ್ತಾರೆ. ಅವರು ಏನನ್ನೂ ಕೊಂಡಿಲ್ಲ, ಚೌಕಾಸಿ ಮಾಡಿಲ್ಲ. ಕೇಳಬೇಕಿತ್ತು ಎಂದು ಅವರಿಗೆ ಹೇಳುವಂತೆಯೂ ಇಲ್ಲ. ಡಯೋಜಿನಿಸನ ವಾದ ಇವರವರೆಗೆ ತಲುಪುವುದೇ ಇಲ್ಲ.

ಕೆಲವರು ರಿಪೇರಿಯ ವಿವರವನ್ನು ಗ್ಲೈಡರಿನ ಮೇಲೆಯೇ ಬರೆದಿಡುತ್ತಾರೆ. ಮೂತಿಯ ಮುಚ್ಚಳ ತೆಗೆದರೆ ಒಳಗೆ ಸಣ್ಣ ಅಕ್ಷರದಲ್ಲಿ ತಾರೀಖು, ಮುರಿದ ಜಾಗ, ಹಾಕಿದ ಬಟ್ಟೆ, ಹೆಚ್ಚಿದ ಗ್ರಾಂ. ನಾನು ಈಗ ಹಾರಿಸುತ್ತಿರುವುದು ಎರಡು ಕೈ ದಾಟಿ ಬಂದದ್ದು. ಒಳಗೆ ಎರಡು ಸಾಲು ಒಬ್ಬರ ಅಕ್ಷರ, ಒಂದು ಸಾಲು ಇನ್ನೊಬ್ಬರದು. ಮೊದಲಿನವರು ಯಾರೋ, ನನಗೆ ಗೊತ್ತಿಲ್ಲ. ಅವರು ಬರೆದಿರುವುದು ಪೆನ್ಸಿಲಿನಲ್ಲಿ, ಎರಡನೆಯವರು ಅಳಿಸಬಹುದಿತ್ತು. ಕಳೆದ ವಾರ ಬಾಲದ ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿದೆ. ಅಂಟು ಒಣಗಲು ಇಟ್ಟಿದ್ದೇನೆ, ನಾಲ್ಕನೆಯ ಸಾಲಿಗೆ ಜಾಗವಿದೆ.