ವರದಿಯ ಋಣ: ಆಫ್ರಿಕಾದ ರೋಗ ಕಣ್ಗಾವಲಿನ ಮೀಮಾಂಸೆ

ಸೆನೆಗಲ್‌ನಿಂದ ಇಥಿಯೋಪಿಯಾದವರೆಗೆ, ಸಹಾರಾ ಮರಳುಗಾಡಿನ ದಕ್ಷಿಣದ ಅಂಚಿನುದ್ದಕ್ಕೂ ಹಬ್ಬಿರುವ ನಾಡುಗಳನ್ನು ವೈದ್ಯರು ‘ಮೆನಿಂಜೈಟಿಸ್ ಪಟ್ಟಿ’ ಎನ್ನುತ್ತಾರೆ. 1963ರಲ್ಲಿ ಫ್ರೆಂಚ್ ಸೇನಾ ವೈದ್ಯ ಲಾಪೆಸೊನಿ ಇದನ್ನು ಗುರುತಿಸಿದರು. ಇಂದಿನ ಲೆಕ್ಕದಲ್ಲಿ ಇದರೊಳಗೆ 26 ದೇಶಗಳು ಬರುತ್ತವೆ. ಡಿಸೆಂಬರ್‌ನಿಂದ ಜೂನ್‌ವರೆಗಿನ ಒಣಗಾಲದಲ್ಲಿ, ಹರ್ಮಟ್ಟಾನ್ ಎಂಬ ಧೂಳುಗಾಳಿ ಮೂಗು ಗಂಟಲು ಒಣಗಿಸುವ ಹೊತ್ತಿಗೆ, ಮಿದುಳಿನ ಪೊರೆಗೆ ತಗಲುವ ಈ ಸೋಂಕು ಏಳುತ್ತದೆ. ಮಳೆ ಹಿಡಿದರೆ ಇಳಿಯುತ್ತದೆ. 1996-97ರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ತಗಲಿ 25,000 ಜನರನ್ನು ಕೊಂದಿತು. ಆ ಪೆಟ್ಟಿನ ನೆನಪು ಹಸಿಯಾಗಿದ್ದಾಗಲೇ, 1998ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕಾ ವಲಯದ ದೇಶಗಳು ಒಂದು ತೀರ್ಮಾನಕ್ಕೆ ಬಂದವು. ರೋಗಕ್ಕೊಂದು ರಿಜಿಸ್ಟರು, ರೋಗಕ್ಕೊಬ್ಬ ಅಧಿಕಾರಿ ಎಂಬ ಪದ್ಧತಿ ಸಾಕು. ಹಳ್ಳಿಯ ಉಪಕೇಂದ್ರದಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಎಲ್ಲ ಸೋಂಕುಗಳ ಸುದ್ದಿಯೂ ಒಂದೇ ದಾರಿಯಲ್ಲಿ ಹೋಗಲಿ ಎಂದು ಒಪ್ಪಿಕೊಂಡವು.

ಹಳೆಯ ಮೀಮಾಂಸಕರ ಕ್ರಮದಲ್ಲಿ ಇದು ವಿಷಯ. ಸಂದೇಹ ಇದು: ಕಣ್ಗಾವಲು ಎಂದರೆ ಮೇಲಿನವರು ಕೆಳಗಿನವರನ್ನು ಎಣಿಸುವುದೋ, ಅಥವಾ ಕೆಳಗಿನವರೂ ಮೇಲಿನವರೂ ಮಾಡಿಕೊಳ್ಳುವ ಕೊಡುಕೊಳ್ಳುವಿಕೆಯೋ? ಎರಡನೆಯದು ಎಂಬುದು ನನ್ನ ಸಿದ್ಧಾಂತ. ಪ್ರತಿಯೊಂದು ವರದಿಯೂ ಅದನ್ನು ಪಡೆದವರ ಮೇಲೆ ಒಂದು ಋಣ ಹೊರಿಸುತ್ತದೆ. ಪರೀಕ್ಷೆಯ ಫಲಿತಾಂಶ, ಔಷಧ, ಲಸಿಕೆ, ಏನೂ ಇಲ್ಲದಿದ್ದರೆ ಒಂದು ಉತ್ತರ ಮರಳಿ ಹೋಗಲೇಬೇಕು. ಋಣ ತೀರದ ಕಡೆ ವರದಿ ಒಣಗುತ್ತದೆ. ಒಣಗಿದ್ದು ಸುಲಭವಾಗಿ ಕಾಣುವುದೂ ಇಲ್ಲ, ಏಕೆಂದರೆ ಫಾರಂ ಬರುತ್ತಲೇ ಇರುತ್ತದೆ, ಅದರಲ್ಲಿ ‘ನಿಲ್’ ಎಂದಿರುತ್ತದೆ. ಹುಡುಕಿ ಸಿಗದೆ ಬರೆದ ನಿಲ್ಲಿಗೂ ಹುಡುಕದೆಯೇ ಬರೆದ ನಿಲ್ಲಿಗೂ ರಾಜಧಾನಿಯ ಗ್ರಾಫಿನಲ್ಲಿ ಒಂದೇ ಬಣ್ಣ.

ಮೊದಲ ಆಕ್ಷೇಪ ಕರುಣೆಯಿಂದ ಹುಟ್ಟಿದ್ದು, ಹಾಗಾಗಿ ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಚಿಕಿತ್ಸೆಗೇ ದುಡ್ಡಿಲ್ಲದ ನೈಜರ್, ಬುರ್ಕಿನಾ ಫಾಸೊದಂಥ ದೇಶಗಳು ಎಣಿಕೆಗೆ ಖರ್ಚು ಮಾಡುವುದು ಸರಿಯೇ? ಮಗುವಿನ ಕುತ್ತಿಗೆ ಸೆಟೆದಿದೆ, ಜ್ವರ ಸುಡುತ್ತಿದೆ. ಇಂಜೆಕ್ಷನ್ ಕೊಡುವುದು ಬಿಟ್ಟು ಬೆನ್ನಿನಿಂದ ನೀರು ತೆಗೆದು ಬಾಟಲಿಗೆ ತುಂಬಿ ನೂರಾರು ಕಿಲೋಮೀಟರ್ ದೂರದ ಪ್ರಯೋಗಾಲಯಕ್ಕೆ ಕಳಿಸುವುದು ಯಾರ ಹಿತಕ್ಕೆ?

ಉತ್ತರ: ಇಂಜೆಕ್ಷನ್ ಬಿಡಿ ಎಂದು ಯಾರೂ ಹೇಳಿಲ್ಲ. ಆದರೆ ಇಂಜೆಕ್ಷನ್ ಆ ಮಗುವಿಗೆ ಮಾತ್ರ. ಪಕ್ಕದ ಊರಿನ ಮಗುವಿಗೆ ಬೇಕಾದದ್ದು ಲಸಿಕೆ. ಹಾವಳಿ ಎಬ್ಬಿಸುವ ಮೆನಿಂಗೊಕಾಕಸ್‌ನಲ್ಲಿ ಎ, ಸಿ, ಡಬ್ಲ್ಯು, ಎಕ್ಸ್ ಎಂದು ಬೇರೆಬೇರೆ ಬಗೆಗಳಿವೆ. ಹೊರಗಿನ ಲಕ್ಷಣ ಒಂದೇ, ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. 2002ರಲ್ಲಿ ಬುರ್ಕಿನಾ ಫಾಸೊದಲ್ಲಿ ಸುಮಾರು 13,000 ಜನರನ್ನು ಹಿಡಿದದ್ದು ಡಬ್ಲ್ಯು ಬಗೆ. ಅಲ್ಲಿಯವರೆಗೆ ದಾಸ್ತಾನಿನಲ್ಲಿದ್ದ ಎ-ಸಿ ಲಸಿಕೆಯಿಂದ ಅದಕ್ಕೆ ಉಪಯೋಗವಿರಲಿಲ್ಲ. ಬಾಟಲಿಯ ನೀರು ನೋಡದೆ ಇದು ತಿಳಿಯುವುದು ಸಾಧ್ಯವೇ ಇರಲಿಲ್ಲ.

ಆ ಬಾಟಲಿಗಳ ಪಯಣ ಎಲ್ಲಿಗೆ ಮುಟ್ಟಿತೆಂದರೆ ನಮ್ಮ ಪಕ್ಕದ ಪುಣೆಗೆ. ದೊಡ್ಡ ಹಾವಳಿಗಳಿಗೆಲ್ಲ ಎ ಬಗೆಯೇ ಮೂಲ ಎಂದು ದಶಕಗಳ ವರದಿಗಳು ತೋರಿಸಿದ್ದರಿಂದ, ಅದೊಂದನ್ನೇ ಗುರಿಯಿಟ್ಟು, ಅರ್ಧ ಡಾಲರಿಗಿಂತ ಕಡಿಮೆ ಬೆಲೆಯಲ್ಲಿ, ಸೀರಂ ಇನ್‌ಸ್ಟಿಟ್ಯೂಟ್ ಒಂದು ಲಸಿಕೆ ತಯಾರಿಸಿತು. 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೊದಲ್ಲಿ ಮೊದಲುಗೊಂಡು 30 ಕೋಟಿಗೂ ಹೆಚ್ಚು ಜನರಿಗೆ ಅದನ್ನು ಹಾಕಲಾಯಿತು. 2017ರ ನಂತರ ಪಟ್ಟಿಯಲ್ಲಿ ಎ ಬಗೆಯ ಪ್ರಕರಣ ಕಂಡಿಲ್ಲ. ‘ಕಂಡಿಲ್ಲ’ ಎಂದು ಧೈರ್ಯವಾಗಿ ಹೇಳಲು ಆಗುವುದಾದರೂ ನೋಡುವ ಕೆಲಸ ನಿಲ್ಲಿಸದಿದ್ದರಿಂದ. ನಿಲ್ಲಿಸಿದ್ದರೆ, ನೈಜೀರಿಯಾದ ಝಂಫಾರಾ ಸುತ್ತ 2016-17ರಲ್ಲಿ 14,000ಕ್ಕೂ ಹೆಚ್ಚು ಶಂಕಿತ ಪ್ರಕರಣ, 1,100ಕ್ಕೂ ಹೆಚ್ಚು ಸಾವಿಗೆ ಕಾರಣವಾದ ಸಿ ಬಗೆಯನ್ನು ಹಳೆಯ ಎ ಎಂದೇ ತಿಳಿದು ಕೆಲಸಕ್ಕೆ ಬಾರದ ಲಸಿಕೆಗೆ ಕೈಚಾಚುತ್ತಿದ್ದರು. ಐದು ಬಗೆಗಳನ್ನು ತಡೆಯುವ ಹೊಸ ಲಸಿಕೆ ಅದೇ ಪುಣೆಯಿಂದ ಬಂತು. 2024ರ ಮಾರ್ಚ್‌ನಲ್ಲಿ ಅದನ್ನು ಮೊದಲು ಬಳಕೆಗೆ ತಂದ ದೇಶ ನೈಜೀರಿಯಾ. ಋಣ ತೀರಿತು, ಆದರೆ ತಡವಾಗಿ.

ತಡ ಎಂದೊಡನೆ ಎರಡನೆಯ ಆಕ್ಷೇಪಕ ಎದ್ದು ನಿಲ್ಲುತ್ತಾನೆ. ಲಕ್ಷ ಜನಸಂಖ್ಯೆಯ ಜಿಲ್ಲೆಯಲ್ಲಿ ವಾರಕ್ಕೆ ಮೂರು ಪ್ರಕರಣವಾದರೆ ಎಚ್ಚರಿಕೆ, ಹತ್ತಾದರೆ ಹಾವಳಿ ಎಂದು ಗೆರೆ ಎಳೆದಿದ್ದೀರಿ. ಗೆರೆ ದಾಟಿದ್ದು ಗೊತ್ತಾಗಿ, ದಾಸ್ತಾನಿಗೆ ಅರ್ಜಿ ಹೋಗಿ, ವಿಮಾನ ಬಂದು, ಸೂಜಿ ಚುಚ್ಚುವಷ್ಟರಲ್ಲಿ ಹಾವಳಿ ತಾನಾಗಿಯೇ ಇಳಿಮುಖವಾಗಿರುತ್ತದೆ. ಹಾಗಿದ್ದ ಮೇಲೆ ಎಣಿಕೆ ಬಿಟ್ಟು ಎಲ್ಲರಿಗೂ ಮುಂಚಿತವಾಗಿಯೇ ಲಸಿಕೆ ಹಾಕಿಬಿಡಬಾರದೇ? ಇದನ್ನು ಅರ್ಧ ಒಪ್ಪುತ್ತೇನೆ. ಹಲವು ಸಲ ಹಾಗೆಯೇ ಆಗಿದೆ; ಅದಕ್ಕೇ 2014ರಲ್ಲಿ ಗೆರೆಯನ್ನು ಕೆಳಗಿಳಿಸಿದರು. ಆದರೆ ದೋಷ ಎಣಿಕೆಯದ್ದಲ್ಲ, ಎಣಿಕೆಗೂ ಲಸಿಕೆಗೂ ನಡುವೆ ಕಾಯುವ ವಾರಗಳದ್ದು. ಮುಂಚಿತವಾಗಿ ಯಾವ ಲಸಿಕೆ ಹಾಕಬೇಕೆಂಬ ಪ್ರಶ್ನೆಗೂ ಆ ಬಾಟಲಿಯೇ ಗತಿ.

ಇಷ್ಟೂ ಗೊತ್ತಿರುವ ರೋಗದ ಮಾತು. ಗೊತ್ತಿಲ್ಲದ್ದು ಬಂದಾಗ? 2013ರ ಡಿಸೆಂಬರ್‌ನಲ್ಲಿ ಗಿನಿ ದೇಶದ ಕಾಡಂಚಿನ ಮೆಲಿಯಾಂಡು ಹಳ್ಳಿಯಲ್ಲಿ ಒಂದು ಮಗು ಸತ್ತಿತು. ಪಶ್ಚಿಮ ಆಫ್ರಿಕಾದ ಮಹಾ ಎಬೋಲಾದ ಮೊದಲ ಸಾವು ಅದೆಂದು ಹಿಂದಿನಿಂದ ಲೆಕ್ಕ ಹಾಕಿದರು. ಅದು ಎಬೋಲಾ ಎಂದು ದೃಢಪಟ್ಟದ್ದು 2014ರ ಮಾರ್ಚ್ ಮೂರನೆಯ ವಾರದಲ್ಲಿ. ಜಾಗತಿಕ ತುರ್ತುಸ್ಥಿತಿ ಘೋಷಣೆಯಾದದ್ದು ಆಗಸ್ಟ್ 8ರಂದು. ಕೊನೆಗೆ 28,600ಕ್ಕೂ ಹೆಚ್ಚು ಜನರಿಗೆ ತಗಲಿ, 11,300ಕ್ಕೂ ಹೆಚ್ಚು ಜನ ಸತ್ತರು. ಸುದ್ದಿ ತಡವಾದದ್ದು ಒಂದು ಕಾರಣ. ಇನ್ನೊಂದು ಅದಕ್ಕಿಂತ ಕಹಿ: ಸುದ್ದಿ ಕೊಟ್ಟ ಮನೆಗೆ ಮರಳಿ ಬಂದದ್ದೇನು? ಬಿಳಿ ಉಡುಪಿನವರು ಬಂದರು, ರೋಗಿಯನ್ನು ಒಯ್ದರು, ಹೆಣವನ್ನೂ ಕೊಡಲಿಲ್ಲ. ಮುಂದಿನ ಮನೆ ಬಾಗಿಲು ಹಾಕಿಕೊಂಡಿತು. ವೊಮೆ ಎಂಬ ಊರಿನಲ್ಲಿ ಆ ಸೆಪ್ಟೆಂಬರಿನಲ್ಲಿ ತಿಳಿವಳಿಕೆ ಕೊಡಲು ಹೋದ ತಂಡದ ಎಂಟು ಮಂದಿಯ ಕೊಲೆಯಾಯಿತು. ಅದಕ್ಕೆ ಸಮರ್ಥನೆ ಇಲ್ಲ, ಕಾರಣ ಇದೆ. ಕುಟುಂಬದವರನ್ನು ಹತ್ತಿರ ನಿಲ್ಲಿಸಿಕೊಂಡು, ಪ್ರಾರ್ಥನೆಗೆ ಅವಕಾಶ ಕೊಟ್ಟು ಮಣ್ಣು ಮಾಡುವ ಪದ್ಧತಿ ಬಂದ ಮೇಲೆ ಸಾವಿನ ಸುದ್ದಿ ಬಚ್ಚಿಡುವುದು ಕಡಿಮೆಯಾಯಿತು. 2021ರಲ್ಲಿ ಎಬೋಲಾ ಮತ್ತೆ ಅದೇ ಗಿನಿಯಲ್ಲಿ ಕಾಣಿಸಿಕೊಂಡಿತು. ಆಗ ದೃಢಪಟ್ಟ ಹತ್ತು ದಿನದೊಳಗೆ ಲಸಿಕೆ ಊರು ತಲುಪಿತ್ತು. ಒಟ್ಟು 23 ಪ್ರಕರಣ, 12 ಸಾವಿಗೆ ಮುಗಿಯಿತು.

ಮಹಾ ಎಬೋಲಾದ ಅದೇ 2014ರ ಜುಲೈ 20ರಂದು ಲೈಬೀರಿಯಾದ ಎಬೋಲಾ ರೋಗಿಯೊಬ್ಬರು ವಿಮಾನದಲ್ಲಿ ಲಾಗೋಸ್‌ಗೆ ಬಂದಿಳಿದರು. ಡಾ. ಸ್ಟೆಲ್ಲಾ ಅಮೆಯೊ ಅದದೆವೊ ಒತ್ತಡಕ್ಕೆ ಮಣಿಯದೆ ಅವರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಆಗಸ್ಟ್ 19ರಂದು ತಾವೇ ಅದಕ್ಕೆ ಬಲಿಯಾದರು. ಕೋಟಿಗಟ್ಟಲೆ ಜನರ ಆ ನಗರವೂ ಸೇರಿದಂತೆ ನೈಜೀರಿಯಾದಲ್ಲಿ 894 ಸಂಪರ್ಕಿತರನ್ನು ಪತ್ತೆ ಹಚ್ಚಿ, ಸುಮಾರು 18,500 ಸಲ ಮನೆಗೆ ಹೋಗಿ ವಿಚಾರಿಸಿದರು. 20 ಪ್ರಕರಣ, 8 ಸಾವು. ಅಕ್ಟೋಬರ್ 20ಕ್ಕೆ ದೇಶ ಎಬೋಲಾಮುಕ್ತ. ಪೋಲಿಯೊ ತಂಡಗಳ ಪಡೆ ಸಿದ್ಧವಿದ್ದದ್ದರಿಂದ ಇದು ಆಯಿತು, ಋಣದಿಂದಲ್ಲ ಎನ್ನುವವರಿಗೆ ಅದೇ ಪೋಲಿಯೊದ ಕಥೆಯನ್ನು ಪೂರ್ತಿ ಓದಿ ಎನ್ನುತ್ತೇನೆ. 2003ರಲ್ಲಿ ಉತ್ತರದ ಕಾನೊ ರಾಜ್ಯ ಪೋಲಿಯೊ ಲಸಿಕೆಯನ್ನೇ ನಿಲ್ಲಿಸಿತ್ತು. ಲಸಿಕೆಯಲ್ಲಿ ಬಂಜೆತನದ ಮದ್ದಿದೆ ಎಂಬ ಗುಲ್ಲಿನ ಜೊತೆಗೇ ಇನ್ನೊಂದು ನ್ಯಾಯವಾದ ದೂರಿತ್ತು: ಮಲೇರಿಯಾಕ್ಕೆ ಮಾತ್ರೆ ಕೇಳಿದರೆ ಇಲ್ಲ, ಕೇಳದ ಎರಡು ಹನಿ ಮಾತ್ರ ಮತ್ತೆಮತ್ತೆ ಬಾಗಿಲಿಗೆ ಬರುತ್ತದೆ. ಮುಂದೆ ಹನಿಯ ಜೊತೆ ಉಚಿತ ಔಷಧದ ಆರೋಗ್ಯ ಶಿಬಿರಗಳನ್ನೂ ನಡೆಸಬೇಕಾಯಿತು.

ಮೂರನೆಯ ಆಕ್ಷೇಪ ಯಂತ್ರದವರದು: ಉಪಗ್ರಹವಿದೆ, ಜೀನೋಮ್ ಓದುವ ಯಂತ್ರವಿದೆ, ಸುದ್ದಿ ಜಾಲಾಡುವ ಸಾಫ್ಟ್‌ವೇರ್ ಇದೆ, ಹಳ್ಳಿಯ ನರ್ಸಿನ ಹಂಗೇಕೆ? 2006ರ ಕೊನೆಯಲ್ಲಿ ಪೂರ್ವ ಆಫ್ರಿಕಾದಲ್ಲಿ ರಿಫ್ಟ್ ಕಣಿವೆ ಜ್ವರ ಬರಲಿದೆ ಎಂದು ಉಪಗ್ರಹದ ಮಳೆ ಲೆಕ್ಕ ವಾರಗಳ ಮೊದಲೇ ಹೇಳಿತ್ತು, ಹೇಳಿದ್ದು ನಿಜವೂ ಆಯಿತು. ಆದರೂ ಕೀನ್ಯಾದಲ್ಲಿ ದನಕರುಗಳಿಗೆ ಲಸಿಕೆ ಶುರುವಾದದ್ದು ರೋಗ ಹಬ್ಬಿದ ಮೇಲೆ, ಜನವರಿಯಲ್ಲಿ. ಸೊಳ್ಳೆಗಳು ಮುತ್ತಿ, ಕುರಿ ಆಡುಗಳು ಕಂದು ಹಾಕುತ್ತಿರುವುದನ್ನು ಗಡಿಭಾಗದ ಸೊಮಾಲಿ ಪಶುಪಾಲಕರು ರೋಗ ದೃಢಪಡುವ ಮೊದಲೇ ಗಮನಿಸಿದ್ದರು, ಅವರನ್ನು ಕೇಳಿದವರಿಲ್ಲ. ಮೇಲಿನ ಕಣ್ಣು ಚೆನ್ನಾಗಿಯೇ ಕಂಡಿತು, ಕೆಳಗೆ ಕೈ ಇರಲಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ನಾಲ್ಕನೆಯವನು ಚಾಣಾಕ್ಷ. ವರದಿ ಮಾಡಿದರೆ ಶಿಕ್ಷೆ, ಸುಮ್ಮನಿದ್ದರೆ ಸುಖ. ಹಾಗಾದರೆ ಮೌನವೇ ಜಾಣತನವಲ್ಲವೇ ಎನ್ನುತ್ತಾನೆ. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಕೋವಿಡ್‌ನ ಹೊಸ ರೂಪವೊಂದನ್ನು ಜಗತ್ತಿಗೆ ತಿಳಿಸಿತು. ಎರಡು ದಿನಕ್ಕೆ ಅದಕ್ಕೆ ಒಮಿಕ್ರಾನ್ ಎಂಬ ಹೆಸರು ಬಿತ್ತು, ಅಷ್ಟರಲ್ಲೇ ದಕ್ಷಿಣ ಆಫ್ರಿಕಾದ ವಿಮಾನಗಳಿಗೆ ಒಂದೊಂದೇ ದೇಶ ಬಾಗಿಲು ಮುಚ್ಚತೊಡಗಿತ್ತು. ನೆದರ್ಲೆಂಡ್ಸ್ ತನ್ನಲ್ಲಿ ನವೆಂಬರ್ 19ರ ಮಾದರಿಯಲ್ಲೇ ಅದು ಇತ್ತೆಂದು ಆಮೇಲೆ ಹೇಳಿತು. ಭಾರತದ ಮೊದಲೆರಡು ಪ್ರಕರಣಗಳು ಡಿಸೆಂಬರ್ 2ರಂದು ಪ್ರಕಟವಾದದ್ದು ಬೆಂಗಳೂರಿನಿಂದ. ಆ ಇಬ್ಬರಲ್ಲಿ ಒಬ್ಬರು ವಿದೇಶಕ್ಕೆ ಹೋಗಿಬಂದವರೇ ಅಲ್ಲ. ಅಂದರೆ ಬಾಗಿಲು ಹಾಕಿದ್ದರಿಂದ ರೋಗ ಹೊರಗುಳಿಯಲಿಲ್ಲ. ಹೇಳಿದವರಿಗೆ ನಷ್ಟವಾದದ್ದಷ್ಟೇ ಉಳಿಯಿತು. ಈ ಆಕ್ಷೇಪ ನನ್ನ ಸಿದ್ಧಾಂತವನ್ನು ಕೆಡವುವುದಿಲ್ಲ, ಗಟ್ಟಿಮಾಡುತ್ತದೆ. ತೀರಿಸದ ಋಣ ಮೌನಕ್ಕೆ ದಾರಿ ಮಾಡುತ್ತದೆ ಎಂಬುದನ್ನೇ ಅವನು ಬೇರೆ ಮಾತಿನಲ್ಲಿ ಹೇಳುತ್ತಿದ್ದಾನೆ.

ಕೊನೆಯ ಪೂರ್ವಪಕ್ಷಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆಫ್ರಿಕಾದ ಕಣ್ಗಾವಲಿಗೆ ಹಣ ಹೂಡುವ ಶ್ರೀಮಂತ ದೇಶಗಳು ಹೂಡುವುದು ತಮ್ಮ ಬಾಗಿಲಿಗೆ ಕಾವಲುಗಾರನನ್ನು ಇಟ್ಟುಕೊಳ್ಳಲು, ಆಫ್ರಿಕಾದವರ ಆರೋಗ್ಯಕ್ಕಲ್ಲ ಎಂಬುದು ಆ ವಾದ. ಎಂಪಾಕ್ಸ್ ಅದಕ್ಕೆ ಬಲವಾದ ಸಾಕ್ಷಿ. 2017ರ ಸೆಪ್ಟೆಂಬರ್‌ನಲ್ಲಿ, ದಶಕಗಳ ಮೇಲೆ, ನೈಜೀರಿಯಾದಲ್ಲಿ ಆ ರೋಗ ಮತ್ತೆ ತಲೆಯೆತ್ತಿತು. ನೈಜರ್ ನದಿಯ ಮುಖಜಭೂಮಿಯ ವೈದ್ಯ ಡಾ. ಡಿಮಿ ಒಗೊಯ್ನಾ ಹುಣ್ಣುಗಳು ಜನನಾಂಗದ ಸುತ್ತ ಕಾಣುತ್ತಿವೆ, ಲೈಂಗಿಕ ಸಂಪರ್ಕದಿಂದ ಹರಡುತ್ತಿರಬಹುದು ಎಂದು ಎಚ್ಚರಿಸಿ ಬರೆದರು. ವರದಿ ಹೋಯಿತು, ಮರಳಿ ಏನೂ ಬರಲಿಲ್ಲ. 2022ರಲ್ಲಿ ರೋಗ ಯೂರೋಪು, ಅಮೆರಿಕ ಮುಟ್ಟಿದಾಗ ಅಲ್ಲಿನವರಿಗೆ ತಿಂಗಳುಗಳಲ್ಲಿ ಲಸಿಕೆ ಸಿಕ್ಕಿತು. ಜನಸಂಖ್ಯೆ ಇಪ್ಪತ್ತು ಕೋಟಿ ಮೀರಿದ ನೈಜೀರಿಯಾಕ್ಕೆ ದಾನವಾಗಿ 10,000 ಡೋಸ್ ಬಂದದ್ದು 2024ರ ಆಗಸ್ಟ್ ಕೊನೆಗೆ.

2025ರ ಮೇ 20ರಂದು ಜಿನೀವಾದಲ್ಲಿ ಅಂಗೀಕಾರವಾದ ಸಾಂಕ್ರಾಮಿಕ ಒಪ್ಪಂದ ಈ ಲೆಕ್ಕಕ್ಕೆ ಕೈಹಾಕಿದೆ. ರೋಗಾಣುವಿನ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆಗೆ ಸೇರಿದ ಕಂಪನಿಗಳು ಸಾಂಕ್ರಾಮಿಕದ ಹೊತ್ತಿನಲ್ಲಿ ತಮ್ಮ ಲಸಿಕೆ, ಔಷಧಗಳಲ್ಲಿ ಶೇ. 20ರಷ್ಟನ್ನು, ಅದರಲ್ಲಿ ಕನಿಷ್ಠ ಶೇ. 10ನ್ನು ದಾನವಾಗಿ, ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸುವ ಗುರಿ ಅದರಲ್ಲಿದೆ. ಆದರೆ ಅದರ ವಿವರವಿರಬೇಕಾದ ಅನುಬಂಧವನ್ನು ಮಾತ್ರ ಮುಂದಿನ ಮಾತುಕತೆಗೆ ಬಿಟ್ಟರು. ಅದು ಮುಗಿಯದೆ ಒಪ್ಪಂದ ಸಹಿಗೆ ತೆರೆಯುವುದಿಲ್ಲ. ನನ್ನ ಸಿದ್ಧಾಂತದ ಪ್ರಕಾರ ಅಲ್ಲಿ ಶೇಕಡಾವಾರು ಬರೆದರೆ ಸಾಲದು, ದಿನಾಂಕವೂ ಬೇಕು. ಹಾವಳಿಯ ಸುದ್ದಿ ಮುಟ್ಟಿಸಲು ದೇಶಗಳಿಗೆ ಅಂತರರಾಷ್ಟ್ರೀಯ ನಿಯಮ 24 ಗಂಟೆಯ ಗಡುವು ಹಾಕಿದೆ; ಲಸಿಕೆ ಮುಟ್ಟಿಸಬೇಕಾದವರಿಗೂ ಒಂದು ಗಡುವು ಅದೇ ಪುಟದಲ್ಲಿ ಇರಬೇಕು.