ನಿಲ್ಲದುದರ ಅಳತೆ

ಮುತ್ತತ್ತಿಯಲ್ಲಿ ಬಂಡೆಗಳ ನಡುವೆ ಸಾಗುವ ಕಾವೇರಿಯ ವೇಗ ಬರಿಗಣ್ಣಿಗೆ ದಕ್ಕುವುದಿಲ್ಲ. ಮೇಲ್ಮೈ ಶಾಂತವಾಗಿರುವಲ್ಲಿಯೇ ಒಳಗೆ ಸುಳಿ ಇರುತ್ತದೆ. ಈಜು ಬಲ್ಲವರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಸ್ನಾನಕ್ಕಿಳಿದ ಸೀತೆಯ ಮುತ್ತು ಈ ಮಡುವಿಗೆ ಜಾರಿತೆಂದೂ, ಹನುಮಂತ ಬಾಲದಿಂದ ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂದೂ ಅವನನ್ನು ಮುತ್ತೆತ್ತರಾಯನೆಂದು ಪೂಜಿಸುವ ಭಕ್ತರು ಹೇಳುತ್ತಾರೆ. ಆ ಕಥೆ ಕೇಳಿದಾಗಲೆಲ್ಲ ನನ್ನ ಮನಸ್ಸು ಕಲಕಿದ ನೀರಿನ ಹಿಂದೆ ಹೋಗುತ್ತದೆ. ಮುತ್ತು ಮರಳಿ ದೊರೆಯಿತು. ಅದನ್ನು ಗಳಿಗೆ ಹೊತ್ತು ಮುಚ್ಚಿಕೊಂಡಿದ್ದ ನೀರು ಅಷ್ಟರಲ್ಲಿ ಮೇಕೆದಾಟಿನ ಕಡೆಗೆ ಹೊರಟುಹೋಗಿತ್ತು.

ಹೀಗೆ ಹೊರಟುಹೋಗುವುದನ್ನೂ ಮನುಷ್ಯ ಅಳೆಯುತ್ತಾನೆ. ನದಿಯ ಅಗಲವನ್ನು ಹಲವು ಪಾಲು ಮಾಡಿ, ಪ್ರತಿ ಪಾಲಿನಲ್ಲಿ ಆಳ ನೋಡಿ, ಮೇಲಿನಿಂದ ಆಳದ ಹತ್ತರಲ್ಲಿ ಆರರಷ್ಟು ಕೆಳಗೆ ವೇಗಮಾಪಕವನ್ನು ಇಳಿಸುತ್ತಾರೆ. ಸರಾಸರಿ ವೇಗ ಬಹುಮಟ್ಟಿಗೆ ಅಲ್ಲಿ ಸಿಗುತ್ತದೆ. ಗಳಿಗೆಗೊಮ್ಮೆ ಹೀಗೆ ಮಾಡಲಾಗದು; ಆದ್ದರಿಂದ ದಡದ ಅಳತೆಗೋಲಿನ ಮಟ್ಟಕ್ಕೂ ಹರಿವಿಗೂ ಒಂದು ಸಂಬಂಧ ಕಟ್ಟಿಕೊಂಡಿರುತ್ತಾರೆ. ಆ ಸಂಬಂಧವೂ ಶಾಶ್ವತವಲ್ಲ. ಮಹಾಪೂರ ಬಂದು ತಳವನ್ನು ಕೊರೆದರೆ, ಇಲ್ಲವೇ ಹೂಳು ತುಂಬಿದರೆ, ಗೋಲಿನ ಮೇಲೆ ಅದೇ ಗೆರೆ ಕಂಡರೂ ಅದರ ಅರ್ಥ ಬೇರೆ. ಮತ್ತೆ ನೀರಿಗಿಳಿದು ಮೊದಲಿನಿಂದ ಅಳೆಯಬೇಕು.

ಧ್ರುವಸಮುದ್ರದಲ್ಲಿ ಇದೇ ನೀರು ಹೆಪ್ಪುಗಟ್ಟಿ ನಿಂತಂತೆ ಕಾಣುತ್ತದೆ. ಅಲ್ಲಿ ಮಂಜುಗಡ್ಡೆಯನ್ನು ಭೈರಿಗೆಯಿಂದ ಕೊರೆದು, ತುದಿಯಲ್ಲಿ ಮಡಚುವ ಲೋಹದ ಪಟ್ಟಿಯುಳ್ಳ ಅಳತೆಪಟ್ಟಿಯನ್ನು ಇಳಿಬಿಡುತ್ತಾರೆ. ಕೆಳಗೆ ಆ ಲೋಹದ ಪಟ್ಟಿ ಅಡ್ಡವಾಗಿ ತಗುಲಿದಾಗ ದಪ್ಪವನ್ನು ಓದುತ್ತಾರೆ. ನಾಲ್ಕು ಹೆಜ್ಜೆ ಆಚೆಗೆ ದಪ್ಪ ಬೇರೆ. ಆದ್ದರಿಂದ ಸಾಲಾಗಿ ಕೊರೆಯುತ್ತ ನಡೆಯಬೇಕು. ಅಷ್ಟಾಗಿಯೂ ಆ ನೆಲವೆಲ್ಲ ತೇಲುತ್ತಲೇ ಇರುತ್ತದೆ. ಧ್ರುವಾನ್ವೇಷಕ ನಾನ್ಸೆನ್ನನ ‘ಫ್ರಾಮ್’ ಹಡಗು 1893ರಲ್ಲಿ ಅದರೊಳಗೆ ಸಿಕ್ಕಿ, 1896ರವರೆಗೆ ಅದು ಒಯ್ದಲ್ಲಿಗೆ ಹೋಯಿತು. ಗುರುತಿಗೆಂದು ನೆಟ್ಟ ಕೋಲುಗಳೂ ಮಂಜಿನೊಡನೆ ತೇಲಿ, ಬೇಸಿಗೆಯಲ್ಲಿ ಅದು ಕರಗಿದಾಗ ನೆಲೆ ತಪ್ಪುತ್ತವೆ.

ನಮ್ಮ ಕಾವೇರಿಯ ಅಳತೆಯಲ್ಲಿ ಬೇರೊಂದು ಭಾರವಿದೆ. ಮುತ್ತತ್ತಿಯನ್ನು ದಾಟಿದ ನೀರು ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಲೆಕ್ಕಕ್ಕೆ ಸೇರುತ್ತದೆ. ಸಾಧಾರಣ ವರ್ಷದಲ್ಲಿ ಅಲ್ಲಿ 177.25 ಟಿಎಂಸಿ ಹರಿಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿತು. ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ. ಜುಲೈಗೆ ಇಷ್ಟು, ಆಗಸ್ಟ್‌ಗೆ ಇಷ್ಟು ಎಂದು ಆ ನೀರನ್ನು ತಿಂಗಳುಗಳಿಗೆ ಹಂಚಿದ್ದಾರೆ. ಈ ಹಂಚಿಕೆಯ ಹಿಂದೆ ಕೃಷಿಕನ ಹಳೆಯ ಅರಿವಿದೆಯೆಂದು ನಾನು ನಂಬುತ್ತೇನೆ: ನಾಟಿಗೆ ಬಾರದ ನೀರು ಕಾರ್ತಿಕದಲ್ಲಿ ಎಷ್ಟು ಬಂದರೂ ಗದ್ದೆಗೆ ಅದು ಬಾರದ ನೀರೇ. ಮಳೆ ಹಿಂದೆಗೆದ ವರ್ಷಗಳಲ್ಲಿ ಮಂಡ್ಯದ ಹೆದ್ದಾರಿಯ ಮೇಲೆ ಧರಣಿ ಕುಳಿತವರ ಸಂಕಟವೂ, ಕೆಳಗಿನ ತಂಜಾವೂರಿನ ಬಯಲಿನಲ್ಲಿ ಕಾದವರ ಸಂಕಟವೂ ಇದೇ ಆಗಿತ್ತು. ವರ್ಷದ ಮೊತ್ತ ಕೊನೆಗೆ ಕೂಡಿಬಂದರೂ, ನಾಟಿಯ ಹೊತ್ತಿನಲ್ಲಿ ತಪ್ಪಿಹೋದ ಹದಿನೈದು ದಿನಗಳನ್ನು ಬರೆದಿಡಲು ಅಳತೆಯ ಪುಸ್ತಕದಲ್ಲಿ ಅಂಕಣವಿಲ್ಲ.