ಸೋಲಿನ ಸಾಲ

ಮೊನ್ನೆ ತರಗತಿ ಮುಗಿಸಿ ಹೊರಬರುತ್ತಿದ್ದಾಗ, ಬ್ಯಾಸ್ಕೆಟ್‌ಬಾಲ್ ಆಡುವ ವಿದ್ಯಾರ್ಥಿಯೊಬ್ಬ ನನ್ನನ್ನು ತಡೆದು ಕೇಳಿದ: “ಸರ್, ಮುಂದ ಗೆಲ್ಲಾಕಂತ ಈಗ ಬೇಕಂತನ ಸೋತರ ತಪ್ಪೇನ್ರಿ?”

ಅವನ ಮನಸ್ಸಿನಲ್ಲಿದ್ದುದು ಅಮೆರಿಕದ ವೃತ್ತಿಪರ ತಂಡಗಳು. ಅಲ್ಲಿಯ ಎನ್.ಬಿ.ಎ. ಕೂಟದಲ್ಲಿ, ಹೆಚ್ಚು ಸೋತ ತಂಡಕ್ಕೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೊದಲ ಸರದಿ ದೊರೆಯುವ ಸಂಭವ ಹೆಚ್ಚು. ಬಿದ್ದವರನ್ನು ಎತ್ತಲೆಂದು ಮಾಡಿದ ಏರ್ಪಾಡು ಇದು. ಆದರೆ ಎತ್ತುವವರಿದ್ದಾರೆಂದು ತಿಳಿದರೆ ಬೇಕೆಂದೇ ಬೀಳುವವರೂ ಹುಟ್ಟಿಕೊಳ್ಳುತ್ತಾರಲ್ಲವೆ? ಈ ಆಸೆಯನ್ನು ತಗ್ಗಿಸಲೆಂದೇ 2019ರಲ್ಲಿ, ತೀರ ತಳದ ಮೂರು ತಂಡಗಳಿಗೂ ಆ ಸಂಭವವನ್ನು ಸಮನಾಗಿ ಶೇಕಡಾ 14ಕ್ಕೆ ಇಳಿಸಿದರು.

ಲಾಭವೇ ಇಲ್ಲವೆನ್ನಲಾಗದು. 1996-97ರಲ್ಲಿ ಸ್ಯಾನ್ ಆಂಟೋನಿಯೋ ತಂಡ, ಮುಖ್ಯ ಆಟಗಾರನು ಗಾಯಗೊಂಡುದರಿಂದ, 82 ಪಂದ್ಯಗಳಲ್ಲಿ 20ನ್ನು ಮಾತ್ರ ಗೆದ್ದಿತು. ಮರುವರ್ಷ ಟಿಮ್ ಡಂಕನ್ ಬಂದ. 1999ರಿಂದ 2014ರೊಳಗೆ ಐದು ಪ್ರಶಸ್ತಿಗಳು ಬಂದವು. ಸೋಲಿನ ಹಾದಿಯನ್ನು ತಾನಾಗಿಯೇ ಹಿಡಿದ ಫಿಲಡೆಲ್ಫಿಯಾ ತಂಡ 2013ರಿಂದ ಮೂರು ಋತುಗಳಲ್ಲಿ 19, 18, 10 ಪಂದ್ಯಗಳನ್ನಷ್ಟೇ ಗೆದ್ದಿತು. ಅದಕ್ಕೆ ದೊರೆತ ಜೋಯೆಲ್ ಎಂಬೀಡ್ 2023ರಲ್ಲಿ ಕೂಟದ ಶ್ರೇಷ್ಠ ಆಟಗಾರನೆನಿಸಿದ. ಆದರೂ 2025ರವರೆಗೆ ತಂಡಕ್ಕೆ ಪ್ರಶಸ್ತಿ ಬರಲಿಲ್ಲ.

ಬಂದಿದ್ದರೆ ಸರಿಯಾಗುತ್ತಿತ್ತೆ? ನಮ್ಮ ಎರೆಹೊಲದ ರೈತನೂ ಒಮ್ಮೊಮ್ಮೆ ಹೊಲವನ್ನು ಬೀಳು ಬಿಡುತ್ತಾನೆ. ಒಂದು ಬೆಳೆ ಕಳೆದುಕೊಂಡು ನೆಲದ ಕಸುವು ಉಳಿಸುತ್ತಾನೆ. ಆ ವರ್ಷದ ಕಷ್ಟ ಮಾತ್ರ ಅವನದೇ. ತಂಡದ ಒಡೆಯರು ಸೋಲನ್ನು ಆರಿಸಿಕೊಂಡಾಗ ಕಷ್ಟ ಯಾರದು? ಹಣ ಕೊಟ್ಟು ನೋಡಬಂದವನದು; ಮೈಯಲ್ಲಿ ಕಸುವಿರುವ ನಾಲ್ಕು ವರ್ಷಗಳನ್ನು ಅಲ್ಲಿ ಕಳೆದ ಆಟಗಾರನದು. ಸೋಲೂ ಒಂದು ಸಾಲವೇ. ತನ್ನ ಹೆಸರಿನಲ್ಲಿ ಎತ್ತಿದರೆ ಅದು ಧೈರ್ಯ. ನೆರೆಯವನ ಹೆಸರಿನಲ್ಲಿ ಎತ್ತಿದರೆ ವಂಚನೆ.

ಹಾಗಾದರೆ ಹಿಂದೆ ಸರಿಯುವುದೇ ತಪ್ಪೆ? ಈ ಊರಿನಲ್ಲಿದ್ದು ಹಾಗೆ ಹೇಳುವುದೆಂತು? 1824ರ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನು ಬಯಲಿನ ಕಾಳಗ ಬಿಟ್ಟು, ಕಾಡು ಸೇರಿ ದಂಡು ಕಟ್ಟಿದ. ಅವನು ಹಿಂದೆ ಸರಿದದ್ದುಂಟು, ಸೋಲಲೆಂದು ಕಾದಿದ್ದಿಲ್ಲ. ಅದರ ಬೆಲೆಯನ್ನೂ 1831ರಲ್ಲಿ ನಂದಗಡದ ಗಲ್ಲಿನಲ್ಲಿ ತಾನೇ ತೆತ್ತ.

ಹುಡುಗನಿಗೆ ನಾನೆಂದೆ: “ಹೊಸಬರನ್ನು ಕಣಕ್ಕಿಳಿಸಪ್ಪಾ, ಸೋತರೂ ಚಿಂತೆಯಿಲ್ಲ. ನೋಡುವವರಿಗೆ ಅದನ್ನು ಮುಚ್ಚಿಡಬೇಡ. ಇಳಿದವನು ಮಾತ್ರ ಗೆಲ್ಲಲೆಂದೇ ಆಡಲಿ.”

“ಹಂಗಾದರ ಈ ವರ್ಷಾನೂ ಸೋಲತೇವ್ರಿ ಸರ್” ಎಂದು ನಕ್ಕು, ಅವನು ಮೈದಾನದ ಕಡೆಗೆ ಓಡಿದ.